ಮಾಯದ ಹುಣ್ಣು, ಬದಲಾಗುವ ಮಚ್ಚೆ: ಚರ್ಮದ ಕ್ಯಾನ್ಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಮಖಂಡಿ ಕಡೆಯ ಒಂದು ದವಾಖಾನೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನಾನು 16 ವರ್ಷದಿಂದ ನರ್ಸ್ ಆಗಿದ್ದೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಯ ಜನ ನಮ್ಮಲ್ಲಿಗೆ ಬರುತ್ತಾರೆ. ಗಾಯ ತೊಳೆದು ಪಟ್ಟಿ ಕಟ್ಟುವ ಹೊತ್ತಿನಲ್ಲಿ ಜನ ಮನಸ್ಸು ಬಿಚ್ಚಿ ಕೇಳುತ್ತಾರೆ. ಡಾಕ್ಟರ್ ಮುಂದೆ ಕೇಳಲು ಹಿಂಜರಿದದ್ದನ್ನೂ ಕೇಳುತ್ತಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ನಾವು ಕಪ್ಪಗಿದ್ದೇವೆ. ನಮಗೂ ಚರ್ಮದ ಕ್ಯಾನ್ಸರ್ ಬರುತ್ತಾ?

ಬರುತ್ತದೆ, ಆದರೆ ಕಡಿಮೆ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ಅಂಶ ಜಾಸ್ತಿ ಇದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳನ್ನು ಅದು ತಡೆಯುತ್ತದೆ. ಅದಕ್ಕೇ ಬಿಳಿ ಚರ್ಮದವರಲ್ಲಿ ಈ ಕ್ಯಾನ್ಸರ್ ಕಾಣುವಷ್ಟು ನಮ್ಮಲ್ಲಿ ಕಾಣುವುದಿಲ್ಲ.

ತೊಂದರೆ ಶುರುವಾಗುವುದೇ ಇಲ್ಲಿಂದ. "ನಮಗೆ ಬರೋದಿಲ್ಲ" ಅಂತ ಯಾರೂ ನೋಡಿಕೊಳ್ಳುವುದಿಲ್ಲ. ಮನೆಯವರಿಗೂ ಹೊಳೆಯುವುದಿಲ್ಲ, ಊರಿನ ಡಾಕ್ಟರಿಗೂ ಮೊದಲಿಗೆ ಹೊಳೆಯುವುದಿಲ್ಲ. ಹಾಗಾಗಿ ನಮ್ಮವರು ದವಾಖಾನೆಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ಅಂಗೈ, ಅಂಗಾಲು, ಉಗುರಿನ ಅಡಿ, ತುಟಿಯ ಒಳಮೈಗೆ ಮೆಲನಿನ್ನಿನ ಕಾವಲು ಅಷ್ಟಾಗಿ ಇಲ್ಲ. ಬಿಸಿಲಿಗೂ ಅಂಗಾಲಿನ ಕ್ಯಾನ್ಸರಿಗೂ ಅಂಥ ಸಂಬಂಧವೂ ಇಲ್ಲ.

ಚರ್ಮದ ಕ್ಯಾನ್ಸರ್ ಅಂದರೆ ಒಂದೇನಾ?

ಮುಖ್ಯವಾಗಿ ಮೂರು. ಬೇಸಲ್ ಸೆಲ್ ಅನ್ನುವುದು ಹೆಚ್ಚಾಗಿ ಮುಖದ ಮೇಲೆ, ಮೂಗು ಮತ್ತು ಕಣ್ಣಿನ ರೆಪ್ಪೆಯ ಸುತ್ತ ಏಳುತ್ತದೆ. ಸಣ್ಣ ಗುಳ್ಳೆ, ಅಂಚಿನಲ್ಲಿ ಮುತ್ತಿನ ಹೊಳಪು. ನಮ್ಮ ಬಣ್ಣದವರಲ್ಲಿ ಅದು ಕಪ್ಪಗೇ ಕಾಣಬಹುದು. ಚೆಕ್ಕು ಕಟ್ಟುತ್ತದೆ, ಉದುರುತ್ತದೆ, ರಕ್ತ ಬರುತ್ತದೆ, ಮತ್ತೆ ಚೆಕ್ಕು ಕಟ್ಟುತ್ತದೆ. ದೇಹದ ಬೇರೆ ಕಡೆ ಹರಡುವುದು ತೀರಾ ಅಪರೂಪ. ಆದರೆ ಬಿಟ್ಟರೆ ಇದ್ದ ಜಾಗವನ್ನೇ ಇಲಿ ಕೊರೆದ ಹಾಗೆ ತಿನ್ನುತ್ತಾ ಹೋಗುತ್ತದೆ.

ಸ್ಕ್ವಾಮಸ್ ಸೆಲ್ ಎರಡನೆಯದು. ಗಟ್ಟಿ, ಒರಟು ಗಂಟು. ಇಲ್ಲವೇ ಅಂಚು ಎದ್ದು ನಿಂತ ಹುಣ್ಣು. ಬೆಳೆದ ಮೇಲೆ ಹೂಕೋಸಿನ ಹಾಗೆ ಕಾಣುತ್ತದೆ, ವಾಸನೆ ಬರುತ್ತದೆ. ಇದು ಹರಡಬಲ್ಲದು. ಮೂರನೆಯದು ಮೆಲನೋಮಾ. ಸಂಖ್ಯೆಯಲ್ಲಿ ಕಡಿಮೆ, ಅಪಾಯದಲ್ಲಿ ದೊಡ್ಡದು. ಬೇಗ ಹರಡುತ್ತದೆ.

ಹಾಗಾದರೆ ನಮ್ಮ ಕಡೆಯವರು ಮೊದಲು ಏನನ್ನು ನೋಡಿಕೊಳ್ಳಬೇಕು?

ಮಾಯದ ಹುಣ್ಣು. ಮೂರು-ನಾಲ್ಕು ವಾರ ಸರಿಯಾಗಿ ಔಷಧ ಮಾಡಿದರೂ ಒಂದು ಹುಣ್ಣು ಮಾಯುತ್ತಿಲ್ಲ ಎಂದರೆ ಅದನ್ನು ಡಾಕ್ಟರಿಗೆ ತೋರಿಸಿ, "ಇದರ ತುಂಡು ಪರೀಕ್ಷೆ ಬೇಕೇನ್ರಿ?" ಎಂದು ನೀವೇ ಕೇಳಿ. ಹುಣ್ಣಿನ ಸಣ್ಣ ತುಂಡು ತೆಗೆದು ಲ್ಯಾಬಿನಲ್ಲಿ ನೋಡುವುದೇ ತುಂಡು ಪರೀಕ್ಷೆ, ಅಂದರೆ ಬಯಾಪ್ಸಿ. ಕೇಳಲು ಸಂಕೋಚ ಬೇಡ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಸಣ್ಣವಳಿದ್ದಾಗ ಸುಟ್ಟ ಗಾಯ. ಈಗ ಆ ಕಲೆಯ ಮೇಲೆ ಹುಣ್ಣಾಗಿದೆ. ಸುಮ್ನೆ ಬಿಡಬಹುದಾ?

ಬಿಡಬೇಡಿ. ಹಳೆ ಸುಟ್ಟ ಕಲೆಯ ಮೇಲೆ ಏಳುವ ಹುಣ್ಣನ್ನು ನಾನು ಎಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡುತ್ತೇನೆ.

ನಮ್ಮ ಕಡೆ ಸುಟ್ಟ ಗಾಯ ಏನು ಕಡಿಮೆಯೇ? ಒಲೆಯ ಮುಂದೆ ಸೆರಗಿಗೆ ಬೆಂಕಿ, ಸ್ಟವ್ ಸಿಡಿದದ್ದು, ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲು ಸಿಡಿದದ್ದು, ಸ್ನಾನದ ನೀರಿನ ಹಂಡೆ ಮೈಮೇಲೆ ಬಿದ್ದದ್ದು. ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಮೊಣಕಾಲ ಹಿಂದೆ, ಮೊಣಕೈ ಒಳಗೆ ಆ ಕಲೆ ಬಿಗಿದು, ನಡೆದಾಗೆಲ್ಲ ಜಗ್ಗಿ ಸೀಳುತ್ತದೆ. ಸೀಳಿದ್ದು ಮಾಯುತ್ತದೆ, ಮತ್ತೆ ಸೀಳುತ್ತದೆ. ಹೀಗೆ 20, 30 ವರ್ಷ ಕಳೆದ ಮೇಲೆ ಅದೇ ಜಾಗದಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಏಳಬಹುದು. ಇದಕ್ಕೆ ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ಫ್ರಾನ್ಸಿನ ಮಾರ್ಜೋಲಿನ್ ಎಂಬ ಸರ್ಜನ್ 1828ರಲ್ಲೇ ಕಲೆಯ ಮೇಲೆ ಏಳುವ ಇಂಥ ಹುಣ್ಣುಗಳ ಬಗ್ಗೆ ಬರೆದಿದ್ದರು.

ಮುಧೋಳ ಕಡೆಯ ಒಬ್ಬ ಅಕ್ಕ ನೆನಪಾಗುತ್ತಾರೆ. ಮೊಣಕಾಲ ಹಿಂದೆ ಬಾಲ್ಯದ ಸುಟ್ಟ ಕಲೆ. ಅದರ ನಡುವೆ ನಾಲ್ಕಾಣೆಯಷ್ಟು ಅಗಲದ ಹುಣ್ಣು. "ಇದು ಪ್ರತಿ ಚಳಿಗಾಲಕ್ಕೂ ಸೀಳತೈತ್ರಿ ಸಿಸ್ಟರ್" ಎಂದರು. ನಾನೂ ನಂಬಿದೆ. ಎರಡು ತಿಂಗಳು ನಾನೇ ಕೈಯಾರೆ ಡ್ರೆಸ್ಸಿಂಗ್ ಮಾಡಿದೆ. ಒಂದು ದಿನ ಹತ್ತಿಯಿಂದ ಒರೆಸುವಾಗ ಹುಣ್ಣಿನ ಅಂಚು ಬೆರಳಿಗೆ ತಾಕಿತು. ಬಟ್ಟೆಯ ಮಡಿಕೆಯ ಹಾಗೆ ಹೊರಕ್ಕೆ ಮಗುಚಿ, ಕಲ್ಲಿನಷ್ಟು ಗಟ್ಟಿಯಾಗಿತ್ತು. ಮಾಯುವ ಗಾಯದ ಅಂಚು ಹಾಗಿರುವುದಿಲ್ಲ. ಅದು ತೆಳ್ಳಗೆ, ಗುಲಾಬಿ ಬಣ್ಣಕ್ಕೆ ತಿರುಗಿ ಒಳಗೆ ಹಬ್ಬುತ್ತಾ ಬರುತ್ತದೆ. ಅವತ್ತೇ ಡಾಕ್ಟರನ್ನು ಕರೆದೆ. ತುಂಡು ಪರೀಕ್ಷೆಯಲ್ಲಿ ಕ್ಯಾನ್ಸರ್ ಬಂತು. ಹುಣ್ಣನ್ನು ಅಗಲವಾಗಿ ತೆಗೆದು ತೊಡೆಯ ಚರ್ಮ ಹಚ್ಚಿದರು, ಕಾಲು ಉಳಿಯಿತು. ಆ ಎರಡು ತಿಂಗಳು ನನಗೆ ಈಗಲೂ ಚುಚ್ಚುತ್ತದೆ. ಅಂದಿನಿಂದ ಹಳೆ ಕಲೆಯ ಮೇಲಿನ ಯಾವ ಹುಣ್ಣಿಗೂ ನಾನು ಬೆರಳಿನಿಂದ ಅಂಚು ನೋಡದೆ ಪಟ್ಟಿ ಕಟ್ಟಿಲ್ಲ.

ಸುಟ್ಟ ಕಲೆಯಷ್ಟೇ ಎಚ್ಚರ ವರ್ಷಗಟ್ಟಲೆ ಸೋರುವ ಮೂಳೆಯ ಕೀವಿನ ಗಾಯಕ್ಕೂ, ಉಬ್ಬಿದ ನರಗಳ ಹುಣ್ಣಿಗೂ, ಕುಷ್ಠ ವಾಸಿಯಾದವರ ಅಂಗಾಲಿನ ಹಳೆ ಹುಣ್ಣಿಗೂ ಬೇಕು.

ಅಂಗಾಲಿನಲ್ಲಿ ಮುಳ್ಳು ನಟ್ಟು ಕಪ್ಪಗಾಗಿದೆ. ಅದೂ ಕ್ಯಾನ್ಸರಾ?

ಹೆಚ್ಚಿನವು ಮುಳ್ಳೇ. ಜಾಲಿ ಮುಳ್ಳು ನಮಗೇನು ಹೊಸದಲ್ಲ. ಮುಳ್ಳಿನ ಕಪ್ಪು ಚುಕ್ಕೆ ಒಂದೆರಡು ವಾರದಲ್ಲಿ ಸಡಿಲಾಗುತ್ತದೆ, ಇಲ್ಲವೇ ಕೀವಾಗಿ ಹೊರಬರುತ್ತದೆ. ಪೆಟ್ಟಿನ ರಕ್ತ ಹೆಪ್ಪುಗಟ್ಟಿದ್ದರೆ ಚರ್ಮ ಬೆಳೆದ ಹಾಗೆ ತಾನಾಗಿ ಮೇಲೆ ಬಂದು ಉದುರುತ್ತದೆ. ಹೋಗದೆ ಉಳಿದ ಕಪ್ಪು, ಅಗಲವಾಗುತ್ತಿರುವ ಕಪ್ಪು, ನಡುವೆ ಒಡೆದು ರಕ್ತ ಜಿನುಗುವ ಕಪ್ಪು, ಇವನ್ನು ತೋರಿಸಲೇಬೇಕು. ನಮ್ಮಂಥ ಚರ್ಮದವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣುವುದೇ ಅಂಗಾಲು, ಹಿಮ್ಮಡಿ, ಉಗುರುಗಳಲ್ಲಿ.

ಕೃಷ್ಣಾ ದಂಡೆಯ ಹಳ್ಳಿಯಿಂದ ಬಂದ ಅಜ್ಜ ಒಬ್ಬರು ಹಿಮ್ಮಡಿಯ ಕಪ್ಪು ಹುಣ್ಣಿಗೆ ಒಂದು ವರ್ಷ ಅರಿಶಿನ, ಸುಣ್ಣ ಹಚ್ಚಿದ್ದರು. ಸಕ್ಕರೆ ಕಾಯಿಲೆಯೂ ಇತ್ತು. ಮನೆಯವರೆಲ್ಲ ಶುಗರ್ ಹುಣ್ಣು ಎಂದೇ ತಿಳಿದಿದ್ದರು. ಬರುವ ಹೊತ್ತಿಗೆ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣು ಎಲ್ಲವೂ ಸಕ್ಕರೆಯ ಹುಣ್ಣೇ ಆಗಿರಬೇಕಿಲ್ಲ ಎನ್ನುವುದು ದವಾಖಾನೆಯವರೂ ನೆನಪಿಡಬೇಕಾದ ಮಾತು.

ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಗೊರಸು ಎತ್ತಿ ನೋಡುವ ಜನ ನಾವು. ನಮ್ಮ ಅಂಗಾಲು ತಿರುಗಿಸಿ ನೋಡುವುದು ಯಾವಾಗ?

ಉಗುರಿನಲ್ಲಿ ಕಪ್ಪು ಗೆರೆ ಬಂದಿದೆ.

ಕಪ್ಪು ಚರ್ಮದವರಲ್ಲಿ ಹಲವು ಉಗುರುಗಳಲ್ಲಿ ತೆಳುವಾದ ಗೆರೆ ಇರುವುದು ಸಹಜ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಹೊಸದಾಗಿ ಬಂದು ಅಗಲವಾಗುತ್ತಿದ್ದರೆ ತೋರಿಸಿ. ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೂ ಹಬ್ಬಿದ್ದರೆ ಇನ್ನೂ ಬೇಗ ತೋರಿಸಿ. ಪೆಟ್ಟಿನ ಕಪ್ಪಾದರೆ ಉಗುರಿನ ಜೊತೆ ಮುಂದಕ್ಕೆ ಸರಿಯುತ್ತದೆ. ಕೈ ಉಗುರು ಪೂರ್ತಿ ಬೆಳೆಯಲು ಸುಮಾರು 6 ತಿಂಗಳು, ಕಾಲಿನದಕ್ಕೆ ಒಂದು ವರ್ಷದ ಮೇಲೆ ಬೇಕು. ಇವತ್ತು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು ತಿಂಗಳ ನಂತರ ಹೋಲಿಸಿ ನೋಡಿ.

ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಆದದ್ದೂ ಇದೇ. ಕಾಲ್ಬೆರಳಿನ ಉಗುರಿನ ಅಡಿಯ ನೋವನ್ನು ಫುಟ್ಬಾಲಿನ ಪೆಟ್ಟು ಎಂದುಕೊಂಡಿದ್ದರು. 1977ರಲ್ಲಿ ಮೆಲನೋಮಾ ಎಂದು ಗೊತ್ತಾಯಿತು. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು.

ಸೀರೆ ಕಟ್ಟುವ ಜಾಗದಲ್ಲಿ ಕಪ್ಪಾಗಿ ತುರಿಸುತ್ತದೆ. ಇದಕ್ಕೂ ಕ್ಯಾನ್ಸರಿಗೂ ಸಂಬಂಧ ಇದೆಯಾ?

ಅಪರೂಪಕ್ಕೆ ಇದೆ. ಮುಂಬೈನ ರೋಗಶಾಸ್ತ್ರಜ್ಞ ಡಾ. ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲೇ ಧೋತರ ಬಿಗಿಯುವ ಸೊಂಟದಲ್ಲಿ ಏಳುವ ಕ್ಯಾನ್ಸರ್ ಬಗ್ಗೆ ಬರೆದಿದ್ದರು. ಆಮೇಲೆ ಸೀರೆ ಉಡುವ ಹೆಂಗಸರಲ್ಲೂ ಕಂಡುಬಂತು. ಲಂಗದ ಲಾಡಿ ದಿನವೂ ಒಂದೇ ಗೆರೆಯಲ್ಲಿ ಬಿಗಿದು, ಬೆವರು, ಧೂಳು ಸೇರಿ, ಚರ್ಮ ಉಜ್ಜಿ ಉಜ್ಜಿ ಗಾಯವಾಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಅದು ಹುಣ್ಣಾಗಿ ಕೆಡುತ್ತದೆ.

ಇಳಕಲ್ ಸೀರೆ ಬಿಡಿ ಎಂದು ನಾನು ಹೇಳುತ್ತಿಲ್ಲ. ದಾರದಂಥ ಲಾಡಿ ಬಿಟ್ಟು ಅಗಲ ಪಟ್ಟಿ ಹೊಲಿಸಿಕೊಳ್ಳಿ. ಒಂದು ದಿನ ಸ್ವಲ್ಪ ಮೇಲೆ, ಒಂದು ದಿನ ಸ್ವಲ್ಪ ಕೆಳಗೆ ಕಟ್ಟಿ. ಮನೆಯಲ್ಲಿದ್ದಾಗ ಸಡಿಲ ಮಾಡಿ. ಬರೀ ಕಪ್ಪಿದ್ದರೆ ಭಯ ಬೇಡ. ದಪ್ಪಗಾಗಿ ಒಡೆದು ಮಾಯದಿದ್ದರೆ ಬನ್ನಿ. ಸೊಂಟದ ಹುಣ್ಣು ತೋರಿಸಲು ನಾಚಿಕೆಯಾಗುತ್ತದೆ ಎಂದು ಎಷ್ಟು ಮಂದಿ ಹೇಳುತ್ತಾರೋ! ಲೇಡಿ ಡಾಕ್ಟರ್ ಬೇಕು ಎಂದು ಕೇಳುವುದು ನಿಮ್ಮ ಹಕ್ಕು.

ಮೈಮೇಲೆ ಹತ್ತಾರು ಮಚ್ಚೆ ಇವೆ. ಯಾವುದಕ್ಕೆ ಹೆದರಬೇಕು?

ಹುಟ್ಟಿನಿಂದ ಇದ್ದು, ಹಾಗೇ ಇರುವ ಮಚ್ಚೆಗೆ ಹೆದರಬೇಕಿಲ್ಲ. ಬದಲಾಗುವ ಮಚ್ಚೆಯ ಮೇಲೆ ಕಣ್ಣಿಡಿ. ಅರ್ಧ ಒಂದು ಥರ, ಇನ್ನರ್ಧ ಇನ್ನೊಂದು ಥರ ಇದೆಯಾ? ಅಂಚು ಹರಿದ ರೊಟ್ಟಿಯ ಹಾಗೆ ಅಂಕುಡೊಂಕಾಗಿದೆಯಾ? ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು, ಬೂದು ಬೆರೆತಿವೆಯಾ? 6 ಮಿಲಿಮೀಟರಿಗಿಂತ, ಅಂದರೆ ಪೆನ್ಸಿಲಿನ ಹಿಂದಿನ ರಬ್ಬರಿಗಿಂತ ದೊಡ್ಡದಿದೆಯಾ? ಕೆಲವು ತಿಂಗಳಲ್ಲಿ ಬೆಳೆದಿದೆಯಾ, ತುರಿಸುತ್ತಿದೆಯಾ, ರಕ್ತ ಬಂದಿದೆಯಾ? ಇನ್ನೊಂದು ಸುಲಭದ ಗುರುತು: ನಿಮ್ಮ ಉಳಿದ ಮಚ್ಚೆಗಳ ನಡುವೆ ಒಂದೇ ಒಂದು ಬೇರೆಯದಾಗಿ ಎದ್ದು ಕಂಡರೆ ಅದನ್ನೇ ಮೊದಲು ತೋರಿಸಿ.

ಕುದುರೆ ಕೂದಲು ಕಟ್ಟಿದರೆ, ಕೇರು ಹಚ್ಚಿದರೆ ಗಂಟು ಉದುರುತ್ತೆ ಅಂತಾರೆ. ಮಾಡಬಹುದಾ?

ದಯವಿಟ್ಟು ಬೇಡ. ಅದು ನರೂಲಿ ಹೌದೋ ಅಲ್ಲವೋ ಎನ್ನುವುದು ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಕೇರುಬೀಜದ ಎಣ್ಣೆ ಚರ್ಮ ಸುಡುತ್ತದೆ, ಸುತ್ತಲೂ ಬೊಬ್ಬೆ ಏಳುತ್ತದೆ. ಕ್ಯಾನ್ಸರಿನ ಗಂಟಾಗಿದ್ದರೆ ಮೇಲಿನದು ಉದುರಿ ಬುಡ ಒಳಗೇ ಬೆಳೆಯುತ್ತದೆ. ಮೇಲೆ ಗಾಯ ಮಾಡಿಕೊಂಡು ಬಂದರೆ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮೂ ಅಷ್ಟೇ. ಕೆಂಪು, ತುರಿಕೆ ಇಳಿಸಿ ರೋಗವನ್ನು ಮುಚ್ಚಿಡುತ್ತದೆ.

ಹೊಲದ ಕೆಲಸ ಬಿಡೋಕಾಗಲ್ಲ. ಬಿಸಿಲಿನಿಂದ ಹೇಗೆ ಕಾಪಾಡಿಕೊಳ್ಳೋದು?

ಬಿಸಿಲಿನ ಪಾಲೂ ಇದೆ. ಮುಖ, ಕಿವಿ, ಕುತ್ತಿಗೆ, ಕೆಳತುಟಿ, ಮುಂಗೈ ಮೇಲೆ ಬರುವ ಕ್ಯಾನ್ಸರಿಗೆ ವರ್ಷಗಟ್ಟಲೆ ತಿಂದ ಬಿಸಿಲು ದೊಡ್ಡ ಕಾರಣ. ಕೆಳತುಟಿಗೆ ತಂಬಾಕಿನ ಕಾಟವೂ ಸೇರುತ್ತದೆ.

ನಮ್ಮ ಮೂರು ಜಿಲ್ಲೆ ಸುಮಾರು 16 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ಮೊದಲ ದಿನಗಳಲ್ಲಿ ಮತ್ತು ಮತ್ತೆ ಆಗಸ್ಟಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ನಿಂತವನ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಈ ನೆರಳೇ ನಿಮ್ಮ ಗಡಿಯಾರ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಜೋರಾಗಿದೆ ಎಂದರ್ಥ. ಸೆಕೆಗೂ ಇದಕ್ಕೂ ಸಂಬಂಧವಿಲ್ಲ. ಬೆಳಗಾವಿಯ ತಂಪು ಗಾಳಿಯಲ್ಲೂ, ಮೋಡದ ದಿನವೂ ಈ ಕಿರಣ ಬೀಳುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು, ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವವರು ನಸುಕಿನಲ್ಲೇ ಶುರುಮಾಡಿ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬೇವಿನ, ಹುಣಸೆಯ ನೆರಳಿಗೆ ಬಂದರೆ ದೊಡ್ಡ ಪಾಲು ಬಿಸಿಲು ತಪ್ಪುತ್ತದೆ. ಮುಕಾದಮರು, ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ಈ ಬಿಡುವು ಕೊಡುವುದು ನಿಮ್ಮ ಕೈಯಲ್ಲಿದೆ.

ಬಟ್ಟೆಯ ವಿಷಯಕ್ಕೆ ಬಂದರೆ ನಮ್ಮ ಹಿರಿಯರ ಉಡುಪು ಅರ್ಧ ಕೆಲಸ ಮಾಡಿಬಿಡುತ್ತದೆ. ರುಮಾಲು ನೆತ್ತಿ ಕಾಯುತ್ತದೆ. ಆದರೆ ಕಿವಿಯ ತುದಿ, ಮೂಗು, ಕುತ್ತಿಗೆಯ ಹಿಂಭಾಗ ಬಯಲಲ್ಲೇ ಇರುತ್ತವೆ. ಗಾಂಧಿ ಟೋಪಿಗೂ ಅಂಚಿಲ್ಲ. ರುಮಾಲಿನ ಒಂದು ಸೆರಗನ್ನು ಹಿಂದೆ ಇಳಿಬಿಟ್ಟು ಕುತ್ತಿಗೆ, ಕಿವಿ ಮುಚ್ಚಿ. ಹೆಂಗಸರು ಸೆರಗನ್ನು ಹಣೆಯ ಮುಂದಕ್ಕೆ ಎಳೆದು, ಕುಪ್ಪಸದ ಮೇಲೆ ಗಂಡಸರ ಹಳೆ ತುಂಬುತೋಳಿನ ಅಂಗಿ ಹಾಕಿಕೊಳ್ಳುವ ರೂಢಿ ಈಗಾಗಲೇ ಇದೆ. ಅದನ್ನು ಬಿಡಬೇಡಿ. ಒತ್ತಾಗಿ ನೇಯ್ದ ಬಟ್ಟೆ ಒಳ್ಳೆಯದು. ತೆಳು ಬಿಳಿ ಬಟ್ಟೆಗಿಂತ ಗಾಢ ಬಣ್ಣ ಹೆಚ್ಚು ತಡೆಯುತ್ತದೆ. ಕುರಿ ಕಾಯುವವರಿಗೆ, ಸಂತೆಯಲ್ಲಿ ಕೂರುವವರಿಗೆ ಕಪ್ಪು ಛತ್ರಿಗಿಂತ ಬೇರೆ ಬೇಕಿಲ್ಲ.

ಸನ್‌ಸ್ಕ್ರೀನ್ ಕ್ರೀಮ್ ಬೇಕಾ?

ಬಟ್ಟೆ ಮುಚ್ಚದ ಕಡೆ ಹಚ್ಚಿ, ಕೊಳ್ಳುವ ಶಕ್ತಿ ಇದ್ದರೆ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು (ಇದು ಬಿಸಿಲು ತಡೆಯುವ ಶಕ್ತಿಯ ಅಳತೆ), ಯುವಿಎ-ಯುವಿಬಿ ಎಂಬ ಎರಡೂ ಬಗೆಯ ನೇರಳಾತೀತ ಕಿರಣಗಳನ್ನು ತಡೆಯುವಂಥದ್ದು ತೆಗೆದುಕೊಳ್ಳಿ. ಮುಖ, ಕುತ್ತಿಗೆಗೆ ಎರಡು ಬೆರಳಿನ ಉದ್ದದಷ್ಟು ಬೇಕು. ಬೆವರಿದರೆ, ಇಲ್ಲವೇ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿ ಮಾಡುವ ಮನೆಗೆ ಇದು ಹೊರೆ ಎಂದು ನನಗೆ ಗೊತ್ತು. ಆ ದುಡ್ಡಿಗೆ ಒಂದು ಛತ್ರಿ, ಒಂದು ತುಂಬುತೋಳಿನ ಅಂಗಿ ತಂದರೆ ಅದೇ ಹೆಚ್ಚು ದಿನ ಕಾಯುತ್ತದೆ.

ನಮ್ಮ ಮಗು ಹುಟ್ಟಿನಿಂದ ಪೂರ್ತಿ ಬಿಳಿ, ಕೂದಲೂ ಬಿಳಿ. ಏನು ಮಾಡಬೇಕು?

ಇದು ತೊನ್ನಲ್ಲ, ಆಲ್ಬಿನಿಸಂ. ಮೆಲನಿನ್ ಇಲ್ಲವೇ ಇಲ್ಲ ಅಥವಾ ತುಂಬಾ ಕಡಿಮೆ. ಈ ಮಕ್ಕಳಿಗೆ ಬಿಸಿಲು ನಿಜಕ್ಕೂ ಶತ್ರು. ಸಣ್ಣ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುವ ಅಪಾಯವಿದೆ. ಸನ್‌ಸ್ಕ್ರೀನ್ ಇವರಿಗೆ ಔಷಧವೇ ಸರಿ. ಶಾಲೆಯಲ್ಲಿ ಬಯಲಿನ ಪ್ರಾರ್ಥನೆ, ಆಟದ ಹೊತ್ತಿಗೆ ನೆರಳಿನಲ್ಲಿ ನಿಲ್ಲಿಸಲು ಮೇಷ್ಟ್ರಿಗೆ ತಿಳಿಸಿ. ವರ್ಷಕ್ಕೊಮ್ಮೆಯಾದರೂ ಚರ್ಮದ ಡಾಕ್ಟರಿಗೆ, ಕಣ್ಣಿನ ಡಾಕ್ಟರಿಗೆ ತೋರಿಸಿ.

ಇನ್ನೊಂದು ಕಾಯಿಲೆ ಇದೆ, ಕ್ಸೆರೋಡರ್ಮಾ ಪಿಗ್ಮೆಂಟೋಸಂ. ಸ್ವಲ್ಪ ಬಿಸಿಲಿಗೇ ಮಗುವಿನ ಮುಖ ಸುಟ್ಟು, ಎರಡು-ಮೂರು ವರ್ಷದೊಳಗೇ ಮುಖದ ತುಂಬಾ ಕಪ್ಪು ಚುಕ್ಕೆ ಬರುತ್ತವೆ. ಅಕ್ಕನ ಮಗಳು, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥವು ಕಾಣುವ ಸಾಧ್ಯತೆ ಹೆಚ್ಚು. ಅಂಥ ಮಗುವನ್ನು ತಡಮಾಡದೆ ತೋರಿಸಿ.

ಸ್ಪರ್ಶ ಇಲ್ಲದ ಮಚ್ಚೆ ಕ್ಯಾನ್ಸರಾ?

ಸಾಮಾನ್ಯವಾಗಿ ಅಲ್ಲ. ತಿಳಿ ಬಣ್ಣದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕುಷ್ಠದ ಗುರುತಾಗಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಎಲ್ಲರೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕಾ?

ಬೇಕಿಲ್ಲ. ಸರ್ಕಾರದ ತಪಾಸಣೆಯಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ನೋಡುತ್ತಾರೆ. ಚರ್ಮ ಆ ಪಟ್ಟಿಯಲ್ಲಿಲ್ಲ. ಅಂದರೆ ನಿಮ್ಮ ಚರ್ಮ ನೋಡಲು ಯಾರೂ ಮನೆಬಾಗಿಲಿಗೆ ಬರುವುದಿಲ್ಲ. ನೀವೇ ನೋಡಿಕೊಳ್ಳಬೇಕು. ಹಳೆ ಸುಟ್ಟ ಕಲೆ ಇರುವವರು, ಆಲ್ಬಿನಿಸಂ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರು, ಮೊದಲೊಮ್ಮೆ ಚರ್ಮದ ಕ್ಯಾನ್ಸರ್ ಆದವರು ಮಾತ್ರ ಡಾಕ್ಟರ್ ಹೇಳಿದ ಹಾಗೆ ತಪ್ಪದೆ ಹೋಗಬೇಕು.

ಮನೆಯಲ್ಲೇ ಹೇಗೆ ನೋಡಿಕೊಳ್ಳುವುದು?

ತಿಂಗಳಿಗೊಮ್ಮೆ ಸಾಕು. ಅಮಾವಾಸ್ಯೆ ದಿನ ಎತ್ತಿಗೂ ಬಿಡುವು ಕೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವತ್ತೇ ಇಟ್ಟುಕೊಳ್ಳಿ. ಸ್ನಾನದ ನಂತರ ಬೆಳಕಿಗೆ ಕೂತು ಕಾಲು ತಿರುಗಿಸಿ ಅಂಗಾಲು, ಹಿಮ್ಮಡಿ, ಬೆರಳ ಸಂದಿ, ಇಪ್ಪತ್ತೂ ಉಗುರು ನೋಡಿ. ಕಾಲುಂಗುರ ಸರಿಸಿ ನೋಡಿ. ಕನ್ನಡಿಯಲ್ಲಿ ತುಟಿ, ಕಿವಿಯ ಹಿಂದೆ, ಸೊಂಟದ ಗೆರೆ. ಬೆನ್ನು, ನೆತ್ತಿ ನೋಡಲು ಮನೆಯವರನ್ನು ಕರೆಯಿರಿ. ಎಣ್ಣೆ ಹಚ್ಚುವಾಗ ಸೊಸೆಗೋ ಮಗಳಿಗೋ ತಲೆಯ ಚರ್ಮವನ್ನೂ ನೋಡು ಎಂದು ಹೇಳಿ. ಹಚ್ಚೆ ಹಾಕಿಸಿಕೊಂಡ ಜಾಗವನ್ನು ಇನ್ನೂ ಹತ್ತಿರದಿಂದ ನೋಡಿ. ಅದರ ಬಣ್ಣದಲ್ಲಿ ಮಚ್ಚೆ ಮರೆಯಾಗುತ್ತದೆ.

ತುಂಡು ತೆಗೆದರೆ ಕ್ಯಾನ್ಸರ್ ಹರಡುತ್ತೆ, ಕತ್ತರಿ ಮುಟ್ಟಿಸಬಾರದು ಅಂತಾರಲ್ವಾ?

ಈ ಮಾತಿಗೆ ಹೆದರಿ ಮನೆಗೆ ವಾಪಸ್ ಹೋದವರನ್ನು ನಾನು ನೋಡಿದ್ದೇನೆ. ಅದು ಸುಳ್ಳು. ತುಂಡು ಪರೀಕ್ಷೆಯಿಂದ ಚರ್ಮದ ಕ್ಯಾನ್ಸರ್ ಹರಡುವುದಿಲ್ಲ. ಪರೀಕ್ಷೆ ಇಲ್ಲದೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸಲೂ ಆಗುವುದಿಲ್ಲ.

ನಡೆಯುವುದು ಇಷ್ಟು. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಆಗ ಚುರುಕ್ ಎನ್ನುತ್ತದೆ, ಆಮೇಲೆ ನೋವಿಲ್ಲ. ಪೆನ್ನಿನ ರೀಫಿಲ್‌ನಂಥ ದುಂಡು ಬ್ಲೇಡಿನಿಂದ ಕೆಲವು ಮಿಲಿಮೀಟರ್ ಚರ್ಮ ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಅವತ್ತೇ ಬಸ್ಸು ಹತ್ತಿ ಊರಿಗೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ.

ಎಲ್ಲಿಗೆ ಹೋಗಬೇಕು? ಖರ್ಚು?

ಮೊದಲು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬೆಳಗಾವಿಯಲ್ಲಿ ಸರ್ಕಾರಿ ಬಿಮ್ಸ್ ಆಸ್ಪತ್ರೆ ಇದೆ, ಕೆಎಲ್‌ಇ ಆಸ್ಪತ್ರೆ ಇದೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯ ಜೊತೆಗೆ ಬಿಎಲ್‌ಡಿಇ ಆಸ್ಪತ್ರೆ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ. ಮೆಡಿಕಲ್ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗವೂ, ತುಂಡು ಪರೀಕ್ಷೆ ಮಾಡುವ ಲ್ಯಾಬೂ ಒಂದೇ ಕಡೆ ಸಿಗುತ್ತವೆ. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಕಳಿಸಬಹುದು.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿ ಪಡೆದುಕೊಳ್ಳಿ. ಗೊಂದಲವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ಬೇಗ ಗೊತ್ತಾದರೆ ವಾಸಿಯಾಗುತ್ತಾ? ಮನೆಯವರಿಗೆ ಅಂಟುತ್ತಾ?

ಅಂಟುವುದಿಲ್ಲ. ತಟ್ಟೆ, ಹಾಸಿಗೆ ಬೇರೆ ಮಾಡಬೇಡಿ. ಬೇಸಲ್ ಸೆಲ್, ಸ್ಕ್ವಾಮಸ್ ಸೆಲ್ ಎರಡನ್ನೂ ಸಣ್ಣದಿದ್ದಾಗ ಆಪರೇಷನ್ ಮಾಡಿ ತೆಗೆದರೆ ಹೆಚ್ಚಿನವರು ಪೂರ್ತಿ ವಾಸಿಯಾಗುತ್ತಾರೆ. ತೆಳುವಾಗಿರುವಾಗಲೇ ತೆಗೆದ ಮೆಲನೋಮಾ ಕೂಡ ವಾಸಿಯಾಗುತ್ತದೆ. ಅದು ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಒಂದೆರಡು ಮಿಲಿಮೀಟರಿನ ವ್ಯತ್ಯಾಸಕ್ಕೇ ಚಿಕಿತ್ಸೆ ಬೇರೆಯಾಗುತ್ತದೆ.

ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಇನ್ನು ಮರೆಯಬಹುದಾ?

ಹುಣ್ಣು ಮಾಯುತ್ತಿದ್ದರೆ ನಿಶ್ಚಿಂತೆಯಿಂದ ಇರಿ. ರಿಪೋರ್ಟ್ ಚೆನ್ನಾಗಿದ್ದರೂ ಹುಣ್ಣು ಮಾಯದೆ ಉಳಿದರೆ ಮತ್ತೆ ಬನ್ನಿ. ದೊಡ್ಡ ಹುಣ್ಣಿನಲ್ಲಿ ತುಂಡು ತೆಗೆದ ಜಾಗದ ಪಕ್ಕದಲ್ಲೇ ಕ್ಯಾನ್ಸರ್ ಅಡಗಿರಬಹುದು. ಅಂಥ ಕಡೆ ಎರಡು-ಮೂರು ಜಾಗದಿಂದ ಮತ್ತೆ ತುಂಡು ತೆಗೆಯುತ್ತಾರೆ. ರಿಪೋರ್ಟ್ ಕಾಗದ ಬಿಸಾಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೇಷನ್ ಕಾರ್ಡ್ ಜೊತೆ ಇಡಿ, ಮುಂದಿನ ಸಲ ಬರುವಾಗ ತನ್ನಿ.